ಎರಡು ಲ್ಯಾಪ್‌ಟಾಪುಗಳ ನಡುವೆ ನಿಸ್ತಂತು ಚಿತ್ರ: ದೋಷವನ್ನು ಹುಡುಕುವ ಬಗೆ



ಒಂದು ಲ್ಯಾಪ್‌ಟಾಪಿನ ಪರದೆಯ ಮೇಲಿರುವ ಚಿತ್ರವನ್ನು ತಂತಿಯ ನೆರವಿಲ್ಲದೆ ಇನ್ನೊಂದು ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿಸುವುದು ಈಗ ಸಾಧ್ಯವಾಗಿರುವ ಸಂಗತಿ. ಸಾಧ್ಯವೆಂದ ಮಾತ್ರಕ್ಕೆ ಸುಲಭವೆಂದು ತಿಳಿಯಬಾರದು. ನಮ್ಮ ಶಾಲೆಯಲ್ಲಿ ಇದನ್ನು ಸಾಧಿಸಲು ನಮಗೆ ಹದಿನೇಳು ದಿನಗಳು ಹಿಡಿದುವು. ಆ ದಿನಗಳಲ್ಲಿ ನಾವು ಕಲಿತುದನ್ನು, ಎಡವಿದುದನ್ನೂ ಮರೆಮಾಚದೆ, ಇಲ್ಲಿ ಹೇಳಬೇಕೆಂದಿದ್ದೇವೆ.

ಈ ಕೆಲಸಕ್ಕೆ ನಾವು ಕೈಹಾಕಿದ ಕಾರಣವನ್ನು ಮೊದಲು ತಿಳಿಸುವುದು ಯುಕ್ತ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ಅವಳ ದೃಷ್ಟಿ ಮಂದ. ಕನ್ನಡಕ ಧರಿಸಿ ಮೊದಲನೆಯ ಬೆಂಚಿನಲ್ಲಿ ಕುಳಿತರೂ ಹಲಗೆಯ ಮೇಲಿನ ಬರಹವಾಗಲಿ, ಪ್ರೊಜೆಕ್ಟರು ಗೋಡೆಯ ಮೇಲೆ ತೋರಿಸುವ ಚಿತ್ರವಾಗಲಿ ಅವಳಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಅದೇ ಬರಹ ಗೇಣುದ್ದದ ದೂರದಲ್ಲಿ, ದಪ್ಪ ಅಕ್ಷರಗಳಲ್ಲಿ ಇದ್ದರೆ ಬೇರೆಯವರಂತೆಯೇ ಓದಬಲ್ಲಳು. ಇಷ್ಟು ದಿನ ಅವಳು ಪಕ್ಕದ ಗೆಳತಿಯ ಪುಸ್ತಕವನ್ನು ನೋಡಿ ಬರೆದುಕೊಳ್ಳುತ್ತಿದ್ದಳು. ಈ ವರ್ಷದ ಮೊದಲನೆಯ ಘಟಕ ಪರೀಕ್ಷೆಯಲ್ಲಿ ಅವಳ ರೇಖಾಗಣಿತದ ಉತ್ತರವೊಂದರಲ್ಲಿ ತ್ರಿಕೋನದ ಶೃಂಗಗಳ ಹೆಸರು ಅದಲುಬದಲಾಗಿತ್ತು. ನಾವು ಅಂಕಗಳನ್ನು ಕಳೆದೆವು. ಆಮೇಲೆ ಇಬ್ಬರ ಪುಸ್ತಕಗಳನ್ನೂ ಜೊತೆಗಿಟ್ಟು ನೋಡಲಾಗಿ, ತಪ್ಪು ಗೆಳತಿಯ ಪುಸ್ತಕದಲ್ಲಿಯೇ ಹುಟ್ಟಿದ್ದೆಂದು ಗೊತ್ತಾಯಿತು. ತಾನು ಮಾಡದ ತಪ್ಪಿಗೆ ಅವಳು ಅಂಕಗಳನ್ನು ತೆತ್ತಿದ್ದಳು. ಪಾಠ ಮಾಡುವಾಗ ನಮ್ಮ ಮೇಜಿನ ಮೇಲಿರುವ ಲ್ಯಾಪ್‌ಟಾಪಿನ ಪರದೆಯೇ ಅವಳ ಬೆಂಚಿನ ಮೇಲೂ ಇದ್ದರೆ ಈ ತೊಂದರೆ ತಪ್ಪುವುದಲ್ಲವೆ? ಶಾಲೆಯ ಕಪಾಟಿನಲ್ಲಿ ಇನ್ನೊಂದು ಲ್ಯಾಪ್‌ಟಾಪು ಸುಮ್ಮನೆ ಕುಳಿತಿತ್ತು. ಅದನ್ನು ಹೊರಗೆ ತೆಗೆದೆವು.

ನಮ್ಮ ಮೊದಲ ತಪ್ಪು ಅಂಗಡಿಯಲ್ಲಿಯೇ ಆಯಿತು. ಪ್ರೊಜೆಕ್ಟರಿಗೆ ಹಾಕುವ ಎಚ್‌ಡಿಎಂಐ ತಂತಿಯಂಥದೇ ಇನ್ನೊಂದು ಉದ್ದನೆಯ ತಂತಿಯನ್ನು ಕೊಂಡುತಂದು, ಎರಡು ಲ್ಯಾಪ್‌ಟಾಪುಗಳ ಕಿಂಡಿಗಳಿಗೂ ಸಿಕ್ಕಿಸಿ, ಚಿತ್ರ ಈಗ ಬಂದೀತು ಆಗ ಬಂದೀತು ಎಂದು ಕಾದೆವು. ಬರಲಿಲ್ಲ. ತಂತಿಯಲ್ಲಿ ದೋಷವಿರಲಿಲ್ಲ. ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಈ ಕಿಂಡಿ ಚಿತ್ರವನ್ನು ಹೊರಗೆ ಕಳುಹಿಸುವುದಕ್ಕಾಗಿ ಮಾತ್ರ ಇರುವುದು, ಒಳಗೆ ತೆಗೆದುಕೊಳ್ಳುವುದಕ್ಕಲ್ಲ. ಎರಡು ಬಾಯಿಗಳನ್ನು ಎದುರುಬದುರಾಗಿ ಇರಿಸಿದರೆ ಕೇಳುವ ಕಿವಿ ಎಲ್ಲಿಂದ ಬರಬೇಕು? ಅಲ್ಲದೆ ಬೆಂಚುಗಳ ನಡುವೆ ಹರಿದುಹೋಗಿದ್ದ ಆ ತಂತಿಗೆ ಅಂದೇ ಇಬ್ಬರು ಕಾಲು ತಗುಲಿಸಿಕೊಂಡರು. ಹೀಗಾಗಿ ನಿಸ್ತಂತು ಮಾರ್ಗವನ್ನು ಹಿಡಿಯಬೇಕಾಯಿತು.

ಕೆಡುಕನ್ನು ಹುಡುಕುವ ಮುನ್ನ ಆ ಎರಡು ಯಂತ್ರಗಳ ನಡುವೆ ನಡೆಯುವುದೇನೆಂಬುದನ್ನು ತಿಳಿದಿರಬೇಕು. ನಿಸ್ತಂತು ಎಂದೊಡನೆ ನಮಗೆ ನೆನಪಾಗುವುದು ಬಾನುಲಿ. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು. ಅಲ್ಲಿಂದ ಹೊರಟ ಮಾತನ್ನು ಯಾರು ಬೇಕಾದರೂ ಕೇಳಬಹುದಿತ್ತು. ಕೇಳುವವನು ಕೇಂದ್ರಕ್ಕೆ ಮರುಮಾತು ಹೇಳಬೇಕಾಗಿರಲಿಲ್ಲ. ಲ್ಯಾಪ್‌ಟಾಪುಗಳ ರೀತಿ ಹಾಗಲ್ಲ. ಚಿತ್ರವನ್ನು ಕಳುಹಿಸುವ ಯಂತ್ರವನ್ನು ಪ್ರೇಷಕವೆಂದೂ ಪಡೆಯುವ ಯಂತ್ರವನ್ನು ಗ್ರಾಹಕವೆಂದೂ ಕರೆಯೋಣ. (ಈ ಗ್ರಾಹಕನು ಅಂಗಡಿಯ ಗಿರಾಕಿಯಲ್ಲವೆಂದು ಹೇಳಬೇಕಾಗಿಲ್ಲವಷ್ಟೆ.) ಪ್ರೇಷಕವು ಮೊದಲು 'ಹತ್ತಿರದಲ್ಲಿ ಯಾರಿದ್ದೀರಿ?' ಎಂದು ಕೂಗುತ್ತದೆ. ಗ್ರಾಹಕವು ತನ್ನ ಹೆಸರನ್ನು ಹೇಳುತ್ತದೆ. ಬಳಿಕ ಪರಸ್ಪರ ಗುರುತು, ಒಪ್ಪಿಗೆ. ಆಮೇಲೆ ಚಿತ್ರ ಯಾವ ಅಳತೆಯದು, ಧ್ವನಿ ಯಾವ ಬಗೆಯದು ಎಂಬ ಕರಾರು. ಇಷ್ಟೆಲ್ಲ ಆದ ಮೇಲೆಯೇ ಚಿತ್ರ ಹೊರಡುವುದು. ಈ ಸಂಭಾಷಣೆ ಎಲ್ಲಿ ಮುರಿಯಿತೆಂಬುದು ಗೊತ್ತಾದರೆ ದೋಷದ ಮನೆ ಗೊತ್ತಾದಂತೆಯೇ.

ನಡುವೆ ಬೇರೆ ಕೇಂದ್ರವಿಲ್ಲದೆ ಎರಡು ಯಂತ್ರಗಳು ನೇರವಾಗಿ ಮಾತನಾಡುವ ಏರ್ಪಾಡಿಗೆ ವೈಫೈ ಡೈರೆಕ್ಟ್ ಎಂದು ಹೆಸರು. ಅದು ೨೦೧೦ರಲ್ಲಿ ಬಂದಿತು. ಅದರ ಮೇಲೆ ಚಿತ್ರವನ್ನು ಸಾಗಿಸುವ ಮಿರಾಕಾಸ್ಟ್ ಎಂಬ ಪದ್ಧತಿಯನ್ನು ವೈಫೈ ಅಲಯನ್ಸ್ ಸಂಸ್ಥೆ ೨೦೧೨ರಲ್ಲಿ ಪ್ರಕಟಿಸಿತು. ವಿಂಡೋಸ್ ಯಂತ್ರಗಳು ೨೦೧೩ರಿಂದ ಇದರ ಮೂಲಕ ಚಿತ್ರವನ್ನು ಕಳುಹಿಸಬಲ್ಲವಾದುವು. ಪಡೆಯುವ ಶಕ್ತಿ ವಿಂಡೋಸ್ ೧೦ಕ್ಕೆ ಬಂದುದು ೨೦೧೬ರಲ್ಲಿ. ಆಪಲ್ ಸಂಸ್ಥೆಯ ಯಂತ್ರಗಳದು ಏರ್‌ಪ್ಲೇ ಎಂಬ ಬೇರೆ ಭಾಷೆ. ಆದುದರಿಂದ ಒಂದು ವಿಂಡೋಸ್ ಯಂತ್ರವನ್ನೂ ಒಂದು ಮ್ಯಾಕ್‌ಬುಕ್ಕನ್ನೂ ಎದುರಿಗಿಟ್ಟುಕೊಂಡು ನಾವು ಹೇಳುವ ಕ್ರಮವನ್ನು ಅನುಸರಿಸಿದರೆ ಫಲ ಸಿಕ್ಕುವುದಿಲ್ಲ.

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಪರದೆಯ ಮೇಲೆ ಅಡ್ಡಲಾಗಿ ೧೯೨೦, ನೆಟ್ಟಗೆ ೧೦೮೦ ಬಿಂದುಗಳಿದ್ದರೆ ಒಟ್ಟು ೨೦,೭೩,೬೦೦ ಬಿಂದುಗಳು. ಒಂದೊಂದು ಬಿಂದುವಿನ ಬಣ್ಣವನ್ನು ಹೇಳಲು ೨೪ ಬಿಟ್ಟುಗಳು ಬೇಕು. ಸೆಕೆಂಡಿಗೆ ೩೦ ಚಿತ್ರಗಳಂತೆ ಕಳುಹಿಸುವುದಾದರೆ ಸುಮಾರು ೧೪೯ ಕೋಟಿ ಬಿಟ್ಟುಗಳಾದುವು. ನಮ್ಮಂಥವರ ಯಂತ್ರದ ವೈಫೈ ಇಷ್ಟು ಹೊರೆಯನ್ನು ಎಡೆಬಿಡದೆ ಹೊರಲಾರದು. ಅದಕ್ಕಾಗಿ ಪ್ರೇಷಕವು ಚಿತ್ರವನ್ನು ಎಚ್.೨೬೪ ಎಂಬ ವಿಧಾನದಿಂದ ಮಡಿಸಿ ಚಿಕ್ಕದು ಮಾಡಿ ಕಳುಹಿಸುತ್ತದೆ. ಗ್ರಾಹಕವು ಅದನ್ನು ಬಿಡಿಸಿ ತೋರಿಸುತ್ತದೆ. ಮಡಿಸುವುದಕ್ಕೂ ಬಿಡಿಸುವುದಕ್ಕೂ ಹೊತ್ತು ಬೇಕಷ್ಟೆ? ಪ್ರೇಷಕದಲ್ಲಿ ಬಾಣದ ಗುರುತು ಸರಿದು ಒಂದು ಕ್ಷಣವಾದ ಮೇಲೆ ಗ್ರಾಹಕದಲ್ಲಿ ಸರಿಯುವುದು ಇದರಿಂದಲೇ. ಅದು ದೋಷವಲ್ಲ, ಅದರ ಸ್ವಭಾವ.

ಇನ್ನು ಪರೀಕ್ಷೆಗೆ ಬರೋಣ. ಎರಡು ಯಂತ್ರಗಳಿಗೂ ಈ ಭಾಷೆ ಬರುತ್ತದೆಯೆ ಎಂಬುದನ್ನು ಮೊದಲೇ ಕೇಳಿ ತಿಳಿಯತಕ್ಕದ್ದು. ವಿಂಡೋಸ್ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ತೆರೆಯುವ ಪೆಟ್ಟಿಗೆಯಲ್ಲಿ ಡಿ, ಎಕ್ಸ್, ಡಿ, ಐ, ಎ, ಜಿ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಎಡೆಬಿಡದೆ ಟೈಪು ಮಾಡಿ ಎಂಟರ್ ಒತ್ತಬೇಕು. ಯಂತ್ರದ ವಿವರಗಳ ಕಿಟಕಿ ತೆರೆಯುವುದು. 'ಸೇವ್ ಆಲ್ ಇನ್ಫರ್ಮೇಶನ್' ಎಂಬ ಗುಂಡಿಯಿಂದ ಆ ವಿವರಗಳನ್ನು ಕಡತವಾಗಿ ಉಳಿಸಿ, ಅದರಲ್ಲಿ ಮಿರಾಕಾಸ್ಟ್ ಎಂಬ ಪದವಿರುವ ಸಾಲನ್ನು ಹುಡುಕಬೇಕು. 'ಅವೈಲಬಲ್' ಎಂದಿದ್ದರೆ ಮುಂದುವರಿಯಬಹುದು. ಇಲ್ಲವೆಂದಿದ್ದರೆ ವೈಫೈ ಅಥವಾ ಚಿತ್ರದ ಭಾಗ ಇದಕ್ಕೆ ಒದಗುವುದಿಲ್ಲ, ಅಥವಾ ಅವುಗಳ ಡ್ರೈವರ್ ಹಳೆಯದು ಎಂದು ತಿಳಿಯಬೇಕು. ಐದು ನಿಮಿಷದ ಈ ಕೆಲಸವನ್ನು ನಾವು ಮಾಡಿದುದು ಆರನೆಯ ದಿನ! ಎರಡೂ ಯಂತ್ರಗಳಲ್ಲಿ ಅನುಕೂಲವಾದ ಉತ್ತರವೇ ಬಂದುದು ನಮ್ಮ ಅದೃಷ್ಟ.

ಗ್ರಾಹಕದಲ್ಲಿ ಒಂದು ಸಿದ್ಧತೆಯಿದೆ. ೨೦೨೦ರಿಂದ ಈಚೆಗೆ ವಿಂಡೋಸಿನಲ್ಲಿ ಚಿತ್ರವನ್ನು ಪಡೆಯುವ ಭಾಗ ಮೊದಲಿನಿಂದಲೇ ಇರುವುದಿಲ್ಲ. ಸೆಟ್ಟಿಂಗ್ಸಿನಲ್ಲಿ 'ಆಪ್ಷನಲ್ ಫೀಚರ್ಸ್' ಎಂಬಲ್ಲಿ ಹುಡುಕಿ 'ವೈರ್‌ಲೆಸ್ ಡಿಸ್‌ಪ್ಲೇ' ಎಂಬುದನ್ನು ಸೇರಿಸಿಕೊಳ್ಳಬೇಕು. ಚಿತ್ರ ಕಳುಹಿಸಲು ಇಂಟರ್‌ನೆಟ್ ಬೇಕಾಗಿಲ್ಲ. ಆದರೆ ಈ ಭಾಗವನ್ನು ತರಿಸಿಕೊಳ್ಳುವಾಗ ಒಮ್ಮೆ ಬೇಕು. ಅಂದು ಶಾಲೆಯ ಸಂಪರ್ಕ ಕೈಕೊಟ್ಟುದರಿಂದ ಸಹೋದ್ಯೋಗಿಯೊಬ್ಬರ ಮೊಬೈಲಿನಿಂದ ಅದನ್ನು ಇಳಿಸಿಕೊಂಡೆವು. ಅನಂತರ ಸೆಟ್ಟಿಂಗ್ಸಿನ ಸಿಸ್ಟಂ ವಿಭಾಗದಲ್ಲಿ 'ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ' ಎಂಬ ಪುಟವನ್ನು ತೆರೆದರೆ, ಅಲ್ಲಿನ ಮೊದಲ ಆಯ್ಕೆ 'ಆಲ್ವೇಸ್ ಆಫ್' ಎಂದಿರುವುದು ಕಾಣುವುದು. ಬಾಗಿಲಿಗೆ ಅಗುಳಿ ಹಾಕಿಕೊಂಡು ಅತಿಥಿಗಾಗಿ ಕಾದಂತೆ! ಅದನ್ನು ಬದಲಿಸಿ, ಅದೇ ಪುಟದಿಂದ ವೈರ್‌ಲೆಸ್ ಡಿಸ್‌ಪ್ಲೇಯನ್ನು ತೆರೆದಿಟ್ಟರೆ ಗ್ರಾಹಕವು ತನ್ನ ಹೆಸರನ್ನು ತೋರಿಸಿ ಸಿದ್ಧವಾಗಿ ನಿಲ್ಲುತ್ತದೆ. ಪ್ರತಿ ಸಲವೂ ಪಿನ್ ಸಂಖ್ಯೆಯನ್ನು ಕೇಳುವಂತೆಯೂ ಇಲ್ಲಿಯೇ ಗೊತ್ತುಮಾಡಬಹುದು. ಗ್ರಾಹಕದ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಪ್ರೇಷಕದಲ್ಲಿ ಬರೆದರೆ ಮಾತ್ರ ಒಪ್ಪಿಗೆ. ಇದನ್ನು ಕಿರುಕುಳವೆಂದು ಭಾವಿಸಬೇಡಿರಿ. ಮುಂಬಯಿಯಂಥ ಊರಿನಲ್ಲಿ ಗೋಡೆಗೆ ಗೋಡೆ ತಾಗಿದ ಕಟ್ಟಡಗಳಿರುವಾಗ ನಮ್ಮ ಪ್ರಶ್ನಪತ್ರಿಕೆ ಪಕ್ಕದ ಕಟ್ಟಡದವರ ಪರದೆಯ ಮೇಲೆ ಮೂಡುವುದು ಯಾರಿಗೂ ಇಷ್ಟವಾಗದು.

ಪ್ರೇಷಕದಲ್ಲಿ ವಿಂಡೋಸ್ ಕೀಲಿಯ ಜೊತೆಗೆ ಕೆ ಅಕ್ಷರವನ್ನು ಒತ್ತಿದರೆ ಹತ್ತಿರದ ಗ್ರಾಹಕಗಳ ಪಟ್ಟಿ ಬರುತ್ತದೆ. ನಮ್ಮಲ್ಲಿ ಪಟ್ಟಿ ಬರಿದಾಗಿತ್ತು. ಗ್ರಾಹಕವನ್ನು ಎರಡು ಸಲ ಮುಚ್ಚಿ ತೆರೆದೆವು, ಅದನ್ನು ಮಾರಿದವರನ್ನು ಮನಸ್ಸಿನಲ್ಲಿಯೇ ಬೈದೆವು. ತಪ್ಪು ಪ್ರೇಷಕದ್ದಾಗಿತ್ತು. ನಮ್ಮ ಮೇಜಿನ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ತಂತಿಯ ಮೂಲಕ ಬರುತ್ತಿದ್ದುದರಿಂದ ಅದರ ವೈಫೈಯನ್ನು ಯಾರೋ ಎಂದೋ ಆರಿಸಿಬಿಟ್ಟಿದ್ದರು. ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತಿದ್ದಾಗ ವೈಫೈ ಆರಿದೆಯೆಂಬ ಸಂಶಯವಾದರೂ ಹೇಗೆ ಬರಬೇಕು? ಆದರೆ ಇಲ್ಲಿ ವೈಫೈ ಬೇಕಾಗಿರುವುದು ಇಂಟರ್‌ನೆಟ್ಟಿಗಾಗಿ ಅಲ್ಲ, ಪಕ್ಕದ ಯಂತ್ರವನ್ನು ಕೂಗಿ ಕರೆಯುವುದಕ್ಕಾಗಿ. ಯಾವ ಜಾಲಕ್ಕೂ ಸೇರದಿದ್ದರೂ ಚಿಂತೆಯಿಲ್ಲ, ಎರಡೂ ಕಡೆ ವೈಫೈ ಹೊತ್ತಿರಬೇಕು. ಯಂತ್ರವು ತನ್ನ ಸಂಪರ್ಕವನ್ನು ಇತರರಿಗೆ ಹಂಚುವ ಹಾಟ್‌ಸ್ಪಾಟ್ ಕೆಲಸದಲ್ಲಿ ತೊಡಗಿದ್ದರೂ ಕೆಲವೊಮ್ಮೆ ಇದೇ ತೊಡಕು ಬರುವುದುಂಟು.

ಹೆಸರು ಕಂಡಿತು. ಒತ್ತಿದೆವು. 'ಕನೆಕ್ಟಿಂಗ್' ಎಂಬ ಅಕ್ಷರಗಳು ಬಹಳ ಹೊತ್ತು ನಿಂತು, ಕೊನೆಗೆ ಸಂಪರ್ಕವಾಗಲಿಲ್ಲವೆಂಬ ಉತ್ತರ ಬಂದಿತು. ಈ ಘಟ್ಟದಲ್ಲಿ ನಾವು ಮಾಡಿದ ಅವಿವೇಕವನ್ನು ನೀವು ಮಾಡಬಾರದೆಂದೇ ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇವೆ. ಅಂದು ಶನಿವಾರ. ಸೋಮವಾರದ ಪಾಠಕ್ಕೆ ಹೇಗಾದರೂ ಆಗಲೇಬೇಕೆಂಬ ಆತುರದಲ್ಲಿ ಒಂದೇ ಸಲಕ್ಕೆ ಐದು ಕೆಲಸಗಳನ್ನು ಮಾಡಿದೆವು. ವೈಫೈಯ ಡ್ರೈವರನ್ನು ಹೊಸದು ಮಾಡಿದೆವು; ಚಿತ್ರದ ಡ್ರೈವರನ್ನು ಹೊಸದು ಮಾಡಿದೆವು; ಹಳೆಯ ಜೋಡಣೆಯ ಗುರುತನ್ನು ಅಳಿಸಿದೆವು; ವೈರಸ್ ತಡೆಯುವ ತಂತ್ರಾಂಶವನ್ನು ನಿಲ್ಲಿಸಿದೆವು; ಎರಡು ಯಂತ್ರಗಳನ್ನೂ ಒಂದೇ ಮೇಜಿಗೆ ತಂದೆವು. ಚಿತ್ರ ಮೂಡಿತು! ನಾವು ಚಪ್ಪಾಳೆಯನ್ನೂ ತಟ್ಟಿಕೊಂಡೆವು. ಸೋಮವಾರ ಬೆಳಗ್ಗೆ ತರಗತಿಯಲ್ಲಿ ನಲವತ್ತು ಮಂದಿ ನೋಡುತ್ತಿರಲು ಮತ್ತೆ ಅದೇ 'ಕನೆಕ್ಟಿಂಗ್', ಮತ್ತೆ ಅದೇ ಸೋಲು. ಆ ಹುಡುಗಿ ಏನೂ ಹೇಳದೆ ಗೆಳತಿಯ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

ಶನಿವಾರದ ಐದು ಕೆಲಸಗಳಲ್ಲಿ ಗುಣವಿದ್ದುದು ಯಾವುದರಲ್ಲಿ ಎಂಬುದು ನಮಗೆ ಗೊತ್ತಿರಲಿಲ್ಲ. ಐದು ಔಷಧಿಗಳನ್ನು ಒಟ್ಟಿಗೆ ಕುಡಿಸಿದ ವೈದ್ಯನಿಗೆ ಜ್ವರ ಬಿಟ್ಟುದು ಯಾವುದರಿಂದ ಎಂದು ಹೇಗೆ ತಿಳಿಯಬೇಕು? ಆದುದರಿಂದ ಅಂದು ಸಂಜೆ ಒಂದು ನೂರು ಪುಟದ ಪುಸ್ತಕವನ್ನು ತಂದು 'ದೋಷದ ಪುಸ್ತಕ' ಎಂದು ಹೆಸರಿಟ್ಟು, ಮೊದಲಿನಿಂದ ಆರಂಭಿಸಿದೆವು. ಒಂದನ್ನು ಮಾತ್ರ ಬದಲಿಸುವುದು, ಪರೀಕ್ಷಿಸುವುದು, ಫಲವನ್ನು ಬರೆಯುವುದು, ಫಲವಿಲ್ಲದಿದ್ದರೆ ಬದಲಿಸಿದುದನ್ನು ಹಿಂದಿನಂತೆಯೇ ಮಾಡಿ ಮುಂದಿನದಕ್ಕೆ ಹೋಗುವುದು. ಯಂತ್ರಗಳನ್ನು ಹತ್ತಿರ ತಂದುದರಿಂದ ಫಲವಿಲ್ಲ. ಹಳೆಯ ಗುರುತನ್ನು ಅಳಿಸಿದುದರಿಂದ ಫಲವಿಲ್ಲ. ವೈರಸ್ ತಡೆಯುವ ತಂತ್ರಾಂಶವನ್ನು ನಿಲ್ಲಿಸಿದೊಡನೆ ಚಿತ್ರ ಬಂದಿತು. ಮತ್ತೆ ನಡೆಸಿದಾಗ ಹೋಯಿತು. ಮೂರು ಸಲ ಹೀಗೆ ಮಾಡಿ ನೋಡಿದೆವು, ಮೂರು ಸಲವೂ ಫಲ ಒಂದೇ. ಸೋಮವಾರದ ಸೋಲಿನ ಗುಟ್ಟು ಆಗ ಒಡೆಯಿತು: ನಾವು ನಿಲ್ಲಿಸಿದ್ದ ಆ ಕಾವಲುಗಾರ, ಯಂತ್ರವನ್ನು ಮುಚ್ಚಿ ತೆರೆದಾಗ ತಾನಾಗಿಯೇ ಕೆಲಸಕ್ಕೆ ಹಾಜರಾಗಿದ್ದನು.

ಈ ಕಾವಲುಗಾರನಿಗೆ ಫೈರ್‌ವಾಲ್ ಎಂದು ಹೆಸರು. ಹೊರಗಿನಿಂದ ಬರುವ ಕರೆಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವುದು ಅವನ ಉದ್ಯೋಗ. ವಿಂಡೋಸಿಗೆ ತನ್ನದೇ ಆದ ಫೈರ್‌ವಾಲ್ ಇದೆ; ಅನುಮತಿ ಪಡೆದ ತಂತ್ರಾಂಶಗಳ ಪಟ್ಟಿಯಲ್ಲಿ 'ವೈರ್‌ಲೆಸ್ ಡಿಸ್‌ಪ್ಲೇ' ಎಂಬುದಕ್ಕೆ ಗುರುತು ಬಿದ್ದಿದೆಯೆ ಎಂದು ಅಲ್ಲಿ ನೋಡಬಹುದು. ನಮ್ಮ ಯಂತ್ರದಲ್ಲಿ ಅದು ಸರಿಯಾಗಿಯೇ ಇತ್ತು. ತಡೆಯುತ್ತಿದ್ದುದು ವೈರಸ್ ತಂತ್ರಾಂಶದೊಂದಿಗೆ ಬಂದ ಎರಡನೆಯ ಕಾವಲುಗಾರ. ಅವನನ್ನು ಕೆಲಸದಿಂದ ತೆಗೆದುಹಾಕುವುದು ಪರಿಹಾರವಲ್ಲ. ಪರೀಕ್ಷೆಗಾಗಿ ಐದು ನಿಮಿಷ ನಿಲ್ಲಿಸಬಹುದು, ಅದೂ ಯಂತ್ರದ ಹೊಣೆ ಹೊತ್ತವರ ಅಪ್ಪಣೆಯಿಂದ. ಬಳಿಕ ಮತ್ತೆ ನಡೆಸಿ, ಈ ಒಂದು ಕರೆಯನ್ನು ಮಾತ್ರ ಒಳಗೆ ಬಿಡುವಂತೆ ಅವನಿಗೆ ಹೇಳಬೇಕು. ನಾವು ಹಾಗೆಯೇ ಮಾಡಿದೆವು. ತಂದೆಯವರ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಇಂಥ ಬದಲಾವಣೆಗೆ ನೀವು ಹೋಗಬೇಡಿರಿ. ಅಲ್ಲಿನ ಕಟ್ಟುಗಳನ್ನು ಕಚೇರಿಯವರೇ ಬಿಚ್ಚಬೇಕು.

ಸಂಪರ್ಕವಾದ ಮೇಲೆಯೂ ಒಂದು ವಿನೋದ ನಡೆಯಿತು. ಗ್ರಾಹಕದ ಮೇಲೆ ಹಿನ್ನೆಲೆಯ ನೀಲಿ ಚಿತ್ರ ಮಾತ್ರ ಕಾಣುತ್ತಿತ್ತು, ಪಾಠದ ಸುಳಿವಿಲ್ಲ. ಇದಕ್ಕೆ ಕಾರಣ ಸರಳ. ಎರಡನೆಯ ಪರದೆಯನ್ನು ಮೊದಲನೆಯದರ ಪ್ರತಿಯಾಗಿ ಬಳಸಬಹುದು, ಇಲ್ಲವೆ ಅದರ ಮುಂದುವರಿಕೆಯಾಗಿ ಬಳಸಬಹುದು. ನಮ್ಮದು ಮುಂದುವರಿಕೆಯಾಗಿತ್ತು; ಪಕ್ಕದಲ್ಲಿ ಇನ್ನೊಂದು ಖಾಲಿ ಮೇಜನ್ನು ಜೋಡಿಸಿದಂತೆ. ವಿಂಡೋಸ್ ಕೀಲಿಯ ಜೊತೆಗೆ ಪಿ ಒತ್ತಿ 'ಡೂಪ್ಲಿಕೇಟ್' ಎಂಬುದನ್ನು ಆರಿಸಿದೊಡನೆ ಪಾಠ ಬಂದಿತು. ಚಿತ್ರ ಬಂದು ಧ್ವನಿ ಬಾರದಿದ್ದರೆ ಪ್ರೇಷಕದ ಧ್ವನಿಯ ಪಟ್ಟಿಯಲ್ಲಿ ಗ್ರಾಹಕದ ಹೆಸರನ್ನು ಆರಿಸಬೇಕು. ಎಲ್ಲವೂ ಬಂದು ಚಲನಚಿತ್ರವೊಂದು ಮಾತ್ರ ಕಪ್ಪಾಗಿ ಕಂಡರೆ, ಅದರ ಒಡೆಯರು ನಕಲಾಗದಂತೆ ಬೀಗ ಹಾಕಿದ್ದಾರೆಂದು ತಿಳಿದು ಸುಮ್ಮನಾಗತಕ್ಕದ್ದು.

ನಡುನಡುವೆ ಚಿತ್ರ ಕಡಿಯುವುದು ನಮ್ಮ ಊರಿನ ವಿಶೇಷ ತೊಂದರೆ. ನಮ್ಮ ತರಗತಿಯ ಕಿಟಕಿಯ ಬಳಿ ನಿಂತು ನೋಡಿದರೆ ಸುತ್ತಲಿನ ಮನೆಗಳ, ಅಂಗಡಿಗಳ ವೈಫೈ ಹೆಸರುಗಳು ಮೂವತ್ತಕ್ಕೂ ಹೆಚ್ಚು. ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ದಾರಿಗಳು ಮೂರೇ: ೧, ೬ ಮತ್ತು ೧೧. ಬೆಳಗಿನ ಲೋಕಲ್ ಗಾಡಿಯ ಮೂರು ಬಾಗಿಲುಗಳಲ್ಲಿ ಇಡೀ ಚಾಳಿನ ಜನ ನುಗ್ಗಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುವುದು. ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ದಾರಿಗಳು ಹೆಚ್ಚು, ಅದರ ಅಲೆ ಗೋಡೆಗಳಲ್ಲಿ ಬೇಗ ಸೊರಗುವುದರಿಂದ ನೆರೆಯವರ ಗದ್ದಲವೂ ಕಡಿಮೆ. ಯಂತ್ರವು ಶಾಲೆಯ ವೈಫೈಗೆ ೨.೪ರಲ್ಲಿ ಸೇರಿಕೊಂಡಿದ್ದರೆ ಚಿತ್ರವೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಹೋಗುತ್ತದೆ. ಎರಡು ಯಂತ್ರಗಳನ್ನೂ ೫ಕ್ಕೆ ಸೇರಿಸಿದ ಮೇಲೆ ನಮ್ಮಲ್ಲಿ ಕಡಿತ ಬಹುಮಟ್ಟಿಗೆ ನಿಂತಿತು. ಪಾಠದ ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ಸರಿಯಾಗಿ ನಿಲ್ಲುತ್ತಿದ್ದುದು ಮಾತ್ರ ಬೇರೆ ಕಾರಣದಿಂದ: ಗ್ರಾಹಕವು ನಿದ್ರೆ ಹೋಗುತ್ತಿತ್ತು. ಪವರ್ ಎಂಬಲ್ಲಿ ಅದರ ನಿದ್ರೆಯ ಅವಧಿಯನ್ನು ಹೆಚ್ಚಿಸಿದೆವು. ಕ್ರಮವಾಗಿ ಬರುವ ದೋಷ ಗಡಿಯಾರದ್ದು, ಕ್ರಮವಿಲ್ಲದೆ ಬರುವುದು ಗಾಳಿಯದು ಎಂದು ದೋಷದ ಪುಸ್ತಕದಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಬರೆದಿದ್ದಾರೆ. ಎಲ್ಲ ಸಂದರ್ಭಗಳಲ್ಲಿಯೂ ನಿಜವಲ್ಲದಿದ್ದರೂ ನಮಗೆ ಎರಡು ಮೂರು ಸಲ ಕೆಲಸಕ್ಕೆ ಬಂದಿದೆ.

ಈಗ ಪ್ರತಿದಿನವೂ ಎರಡನೆಯ ಲ್ಯಾಪ್‌ಟಾಪು ಅವಳ ಬೆಂಚಿನ ಮೇಲಿರುತ್ತದೆ. ವಿಂಡೋಸ್ ಕೀಲಿಯ ಜೊತೆಗೆ ಕೂಡುವ ಚಿಹ್ನೆಯನ್ನು ಒತ್ತಿ, ಚಿತ್ರವನ್ನು ತನಗೆ ಬೇಕಾದಷ್ಟು ಹಿಗ್ಗಿಸಿಕೊಳ್ಳುತ್ತಾಳೆ. ಹಿಗ್ಗುವುದು ಅವಳ ಪರದೆಯ ಮೇಲೆ ಮಾತ್ರ, ಗೋಡೆಯ ಮೇಲಿನದು ಇದ್ದಂತೆಯೇ ಇರುತ್ತದೆ. ಚಿತ್ರ ಒಂದು ಕ್ಷಣ ತಡವಾಗಿ ಬರುವುದರಿಂದ, 'ಇದು', 'ಅದು' ಎಂದು ಬಾಣವನ್ನು ಓಡಿಸುತ್ತ ಹೇಳುವ ನಮ್ಮ ಅಭ್ಯಾಸವನ್ನು ಬಿಟ್ಟು, ಬಿಂದುವಿನ ಹೆಸರು ಹೇಳಿ ನಿಲ್ಲುವುದನ್ನು ಕಲಿತೆವು. ಡಿಸೆಂಬರಿನಲ್ಲಿ ಒಂದು ದಿನ ಸಮಾಂತರ ಚತುರ್ಭುಜದ ಪಾಠ ನಡೆದಿತ್ತು. ಎದುರುಬದುರಾದ ಕೋನಗಳು ಸಮವೆಂದು ಹೇಳಿ, ಅವಸರದಲ್ಲಿ ಕೋನ ಎ ಮತ್ತು ಕೋನ ಬಿ ಸಮ ಎಂದು ಬರೆದುಬಿಟ್ಟೆವು. 'ಸರ್, ಅದು ಎ ಮತ್ತು ಸಿ ಆಗಬೇಕಲ್ಲವೆ?' ಎಂದು ಮೊದಲು ಎದ್ದು ನಿಂತವಳು ಅವಳೇ.

ದೋಷದ ಪುಸ್ತಕವನ್ನು ಈಗ ಒಂಬತ್ತನೆಯ ತರಗತಿಯವರೇ ನೋಡಿಕೊಳ್ಳುತ್ತಾರೆ. ವಿಜ್ಞಾನದ ಕೊಠಡಿಯ ಕಪಾಟಿನಲ್ಲಿ ಮೊದಲನೆಯ ಅರೆಯಲ್ಲಿದೆ, ಬೇಕಾದವರು ಓದಬಹುದು. ಗ್ರಾಹಕದ ಪುಟದಲ್ಲಿ, ವಿದ್ಯುತ್ತಿಗೆ ಜೋಡಿಸಿರುವಾಗ ಮಾತ್ರ ಯಂತ್ರವು ಇತರರಿಗೆ ಕಾಣಬೇಕೆಂಬ ಒಂದು ಆಯ್ಕೆಯಿದೆಯೆಂದು ನಾವು ಮೇಲೆ ಹೇಳಲು ಮರೆತೆವು. ಆ ಪುಸ್ತಕದ ಇತ್ತೀಚಿನ ಟಿಪ್ಪಣಿ ಅದನ್ನು ಕುರಿತುದೇ. ದಪ್ಪ ಅಕ್ಷರಗಳಲ್ಲಿ, ಸಾಲು ಬಿಟ್ಟು ಸಾಲಿನಲ್ಲಿ ಹೀಗೆ ಬರೆದಿದೆ: 'ಪಟ್ಟಿಯಲ್ಲಿ ಹೆಸರು ಬರಲಿಲ್ಲ. ವೈಫೈ ಇದೆ. ವೈರ್‌ಲೆಸ್ ಡಿಸ್‌ಪ್ಲೇ ತೆರೆದಿದೆ. ಚಾರ್ಜರ್ ಗೋಡೆಗೆ ಸಿಕ್ಕಿಸಿದೆ, ಸ್ವಿಚ್ಚು ಹಾಕಿಲ್ಲ. ಹಾಕಿದೆ. ಬಂತು.'